ಬಲಮೂಲೆಯ ಬಿಸಿಲು

ಡೆನ್‌ಬರೊ ಊರಿನ ಬೇಸ್‌ಬಾಲ್ ಮೈದಾನದಲ್ಲಿ ಬಲಮೂಲೆಯಷ್ಟು ದರಿದ್ರ ಜಾಗ ಇನ್ನೊಂದಿರಲಿಲ್ಲ. ಬೇಲಿಯಾಚೆ ಚರ್ಮ ಹದ ಮಾಡುವ ಕಾರ್ಖಾನೆ, ಅದರ ನಾತ. ಕಾಲಡಿಯಲ್ಲಿ ಆಗಸ್ಟ್ ತಿಂಗಳಲ್ಲೂ ಒಣಗದ ಕೆಸರು. ಸಂಜೆ ನಾಲ್ಕು ಹೊಡೆಯಿತೆಂದರೆ ಎದುರಿನ ಗ್ಯಾಲರಿಯ ಮಾಡಿನ ಮೇಲಿಂದ ಬಿಸಿಲು ನೇರವಾಗಿ ಕಣ್ಣಿಗೇ ಚುಚ್ಚುತ್ತಿತ್ತು. ಚೆಂಡು ಅತ್ತ ಬರುವುದೂ ಅಪರೂಪ. ಅಂಥ ಮೂಲೆಯಲ್ಲಿ ಎಬೆನ್ ಹ್ಯಾಲಕ್ ಐದು ವರ್ಷ ನಿಂತ. ಚೆಂಡು ಹಿಡಿಯುವುದಕ್ಕೆ ನಿಂತ ಅಂತ ತಿಳಿಯಬೇಡಿ, ಕಾಯುವುದಕ್ಕೆ ನಿಂತ.

ಎಬೆನ್ ಪಿಚರ್. ಬ್ಯಾಟು ಹಿಡಿದವನಿಗೆ ಚೆಂಡು ಎಸೆಯುವುದೇ ಅವನ ಕಸುಬು, ಅದಕ್ಕೇ ಅವನನ್ನು ತಂಡಕ್ಕೆ ಸೇರಿಸಿಕೊಂಡದ್ದು. ಆದರೆ ಆಗಿನ ನಿಯಮವೇ ಬೇರೆ. ಆಟ ಶುರುವಾದ ಮೇಲೆ ಹೊರಗಿನಿಂದ ಯಾರನ್ನೂ ಒಳಗೆ ತರುವಂತಿಲ್ಲ. ಕೈಯೋ ಕಾಲೋ ಮುರಿದು, ಎದುರು ತಂಡದ ನಾಯಕ ದೊಡ್ಡ ಮನಸ್ಸು ಮಾಡಿ ಒಪ್ಪಿದರೆ ಮಾತ್ರ. ಅದಕ್ಕೇ ಪ್ರತಿ ತಂಡವೂ ಎರಡನೇ ಪಿಚರ್‌ನನ್ನು ಬಲಮೂಲೆಯಲ್ಲಿ ನಿಲ್ಲಿಸಿಕೊಂಡು ಆಡುತ್ತಿತ್ತು. ಮೊದಲನೆಯವನಿಗೆ ಸುಸ್ತಾದರೆ ಅವನು ಚೆಂಡು ಹಿಡಿದುಕೊಂಡು ಬಲಮೂಲೆಗೆ ನಡೆದುಹೋಗಿ ಕೊಟ್ಟು ಅಲ್ಲೇ ನಿಲ್ಲಬೇಕು, ಇವನು ಬಂದು ಎಸೆಯಬೇಕು. ಡೆನ್‌ಬರೊದಲ್ಲಿ ಇದಕ್ಕೊಂದು ಮರ್ಯಾದೆಯೂ ಅಂಟಿಕೊಂಡಿತ್ತು: ಪಿಚರ್ ತಾನಾಗಿಯೇ ನಡೆದು ಹೋಗಬೇಕು, ನಾಯಕನೂ ಅವನನ್ನು ಕೇಳುವಂತಿಲ್ಲ.

ಮೊದಲನೆಯವನು ಕಾನ್ ಡೆವನಿ. ಅವನು ಹಾಗೆ ನಡೆದುಹೋದದ್ದೇ ಇಲ್ಲ. ಸತತ ನಾಲ್ಕು ವರ್ಷ, ಶುರು ಮಾಡಿದ ಆಟವನ್ನೆಲ್ಲ ಒಂಬತ್ತನೇ ಸುತ್ತಿನ ಕೊನೆಯ ಚೆಂಡಿನವರೆಗೂ ತಾನೇ ಎಸೆದು ಮುಗಿಸಿ, ಲೀಗಿನಲ್ಲೇ ಅತಿ ಹೆಚ್ಚು ಆಟ ಮುಗಿಸಿದವನು ಅನ್ನಿಸಿಕೊಂಡಿದ್ದ. ಕ್ಷೌರದಂಗಡಿಯ ಕಿಟಕಿಯಲ್ಲಿ ಅವನ ಹೆಸರಿನದೊಂದು ಕಪ್ಪುಹಲಗೆ ತೂಗುತ್ತಿತ್ತು. ಪ್ರತಿ ಆಟದ ಮಾರನೆಯ ಬೆಳಿಗ್ಗೆ ಕ್ಷೌರಿಕ ಆ ವರ್ಷ ಅವನು ಮುಗಿಸಿದ ಆಟಗಳ ಹಳೆಯ ಅಂಕೆ ಒರೆಸಿ ಹೊಸದು ಬರೆಯುತ್ತಿದ್ದ, ಊರಿನ ಅರ್ಧ ಜನ ಅದನ್ನು ನೋಡಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ಮನುಷ್ಯನ ತೋಳು ಏನಾಗುತ್ತಿದೆ ಅಂತ ಹಲಗೆಯಲ್ಲಿ ಯಾರೂ ಬರೆಯುವುದಿಲ್ಲವಲ್ಲ.

ಅದು ಗೊತ್ತಿದ್ದದ್ದು ಎಬೆನ್‌ಗೊಬ್ಬನಿಗೇ. ಇಬ್ಬರೂ ಮಿಸೆಸ್ ಟಪ್ಪರ್ ಅನ್ನುವ ವಿಧವೆಯ ಊಟ–ವಸತಿ ಮನೆಯಲ್ಲಿ ಒಂದೇ ಕೋಣೆಯಲ್ಲಿದ್ದರು. ಆಟ ಮುಗಿಸಿ ಬಂದ ಕಾನ್‌ಗೆ ಅಂಗಿಯ ಗುಂಡಿ ಬಿಚ್ಚಲು ಆಗುತ್ತಿರಲಿಲ್ಲ. ಬಲ ಮೊಣಕೈ ಮಡಚಿದ್ದು ಮಡಚಿದಂತೆಯೇ ಇರುತ್ತಿತ್ತು. ಎಬೆನ್ ಗುಂಡಿ ಬಿಚ್ಚುತ್ತಿದ್ದ, ಕುದುರೆಗೆ ಹಚ್ಚುವ ಎಣ್ಣೆ ಕಾಯಿಸಿ ಭುಜದಿಂದ ಬೆರಳಿನವರೆಗೆ ತಿಕ್ಕುತ್ತಿದ್ದ, ಊಟದ ಮೇಜಿನ ಮೇಲೆ ಯಾರೂ ನೋಡದಿರುವಾಗ ಅವನ ತಟ್ಟೆಯ ಹಂದಿಮಾಂಸವನ್ನು ತುಂಡು ಮಾಡಿ ಕೊಡುತ್ತಿದ್ದ. ಕಟ್ಟಿಕೊಂಡ ಹೆಂಡತಿಯೂ ಅಷ್ಟು ಮಾಡುತ್ತಿರಲಿಲ್ಲ. ನಾಯಕ ವಿಕರಿಗೆ ಒಂದು ಮಾತು ಹೇಳಿದ್ದರೆ ಸಾಕು, ಅವನು ಕಾನ್‌ಗೆ ಆಟ ಶುರು ಮಾಡಲೇ ಬಿಡುತ್ತಿರಲಿಲ್ಲ. ಹೇಳಲಿಲ್ಲ. ಬಲಮೂಲೆಯವನು ಪಿಚರ್ ಮೇಲೆ ಚಾಡಿ ಹೇಳಿದ ಅಂತ ಹೆಸರು ಬಂದರೆ ಯಾವ ಊರಿನ ತಂಡದಲ್ಲೂ ಅವನಿಗೆ ನೀರು ಹುಟ್ಟುವುದಿಲ್ಲ. ಅಷ್ಟೇ ಅಲ್ಲ, ಕಾನ್ ಮೇಲೆ ಅವನಿಗೆ ಪ್ರೀತಿಯೂ ಇತ್ತು. ಅದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಐದನೇ ವರ್ಷದ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಿಂದ ಕ್ಲೇಪೂಲ್ ಅನ್ನುವ ಮನುಷ್ಯನೊಬ್ಬ ಬಂದಿದ್ದ. ದೊಡ್ಡ ಊರುಗಳ ತಂಡಗಳಿಗೆ ಆಟಗಾರರನ್ನು ಹುಡುಕಿಕೊಡುವುದು ಅವನ ಕೆಲಸ. ಬೆಳಗಿನ ಅಭ್ಯಾಸದಲ್ಲಿ ಎಬೆನ್ ಎಸೆಯುವುದನ್ನು ನೋಡಿ ಹುಬ್ಬೇರಿಸಿದ.

"ಯಾರಯ್ಯ ನೀನು? ಇಷ್ಟು ದಿನ ಎಲ್ಲಿದ್ದೆ?"

"ಇಲ್ಲೇ ಸರ್. ಬಲಮೂಲೇಲಿ."

"ಅಭ್ಯಾಸ ನೋಡಿ ಯಾರನ್ನೂ ಕರ್ಕೊಂಡು ಹೋಗೋಕೆ ಆಗಲ್ಲ. ಆಟದಲ್ಲಿ ನಾಲ್ಕು ಸುತ್ತು ನೋಡ್ಬೇಕು. ಕೊನೇ ಶನಿವಾರ ಮತ್ತೆ ಬರ್ತೀನಿ. ಅವತ್ತು ಇದೇ ತರ ಎಸೆದ್ರೆ, ಬರೋ ಬೇಸಿಗೇಲಿ ನೀನು ಇಲ್ಲಿರಲ್ಲ."

ಎಬೆನ್‌ಗೆ ಆಗ ಇಪ್ಪತ್ತೇಳು. ಪಿಚರ್ ಆಗುವವನಿಗೆ ಅದು ಸಂಜೆಯಾದ ಹಾಗೆ. ಇದು ಬಿಟ್ಟರೆ ಇನ್ನೊಂದು ಬರುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ದಿನ ಎಣ್ಣೆ ತಿಕ್ಕುವಾಗ ಅವನು ಆ ಮಾತು ಎತ್ತಲಿಲ್ಲ. ಕಾನ್‌ನೇ ತೆಗೆದ.

"ಲೋ, ಆ ಫಿಲಡೆಲ್ಫಿಯಾದವನು ನಿನ್ನ ನೋಡೋಕೆ ಬರ್ತಾನಂತಲ್ಲೋ. ನಂಗೇನು ಕಿವಿ ಇಲ್ವಾ?"

"ಬರ್ತಾನಂತೆ."

"ಮತ್ತೆ ಕೇಳೋಕೇನು ನಿಂಗೆ ರೋಗ? ಐದು ಸುತ್ತು ನಾನು ಹಾಕ್ತೀನಿ. ಆರನೇದಕ್ಕೆ ಚೆಂಡು ತಂದು ನಿನ್ನ ಕೈಲಿಡ್ತೀನಿ. ನಾಲ್ಕು ಸುತ್ತು ನಿಂದು. ಸಾಕಾ?"

"ನಿನ್ನ ಹಲಗೆ?"

"ಹಲಗೇನ ತಗೊಂಡು ಉಪ್ಪಿನಕಾಯಿ ಹಾಕ್ಲಾ? ನಾಲ್ಕು ವರ್ಷದಿಂದ ಮೊದಲನೇವನು ನಾನೇ. ಈ ವರ್ಷವೂ ನಾನೇ, ಆ ಲಿಂಡನ್‌ವಿಲ್‌ನ ಕ್ವಿಲ್ ನನಗಿಂತ ಎರಡು ಹಿಂದೆ ಇದ್ದಾನೆ. ಒಂದು ಆಟ ಅರ್ಧಕ್ಕೆ ಬಿಟ್ರೆ ಆಕಾಶ ಕಳಚಿ ಬೀಳಲ್ಲ." ಮಡಚಿದ ಮೊಣಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, "ನೀನಿಲ್ದೇ ಇದ್ದಿದ್ರೆ ಜುಲೈನಲ್ಲೇ ನನ್ನ ಕಥೆ ಮುಗೀತಿತ್ತು ಕಣೋ. ನಮ್ಮಮ್ಮನಾಣೆ, ಬರ್ತೀನಿ," ಅಂದ.

ಅಮ್ಮನ ಮೇಲೆ ಆಣೆ ಇಟ್ಟಾಗ ಅವನು ಸುಳ್ಳು ಹೇಳಿರಲಿಲ್ಲ. ಆಣೆ ಇಡುವಾಗ ಸುಳ್ಳು ಹೇಳುವವರು ಕಡಿಮೆ. ಆಮೇಲೆ ಕೆಡುವವರೇ ಹೆಚ್ಚು.

ಕ್ವಿಲ್ ಎರಡು ಹಿಂದಿದ್ದವನು ಬುಧವಾರ ಒಂದು ಆಟ ಮುಗಿಸಿದ, ಶುಕ್ರವಾರ ಇನ್ನೊಂದು. ಅಲ್ಲಿಗೆ ಲಿಂಡನ್‌ವಿಲ್‌ನವರ ವರ್ಷದ ಆಟವೆಲ್ಲ ಮುಗಿಯಿತು. ಶನಿವಾರ ಬೆಳಿಗ್ಗೆ ಎಬೆನ್ ಗಡ್ಡ ಮಾಡಿಸಲು ಹೋದಾಗ ಕ್ಷೌರದಂಗಡಿಯ ಮುಂದೆ ಜನ ಗುಂಪುಗಟ್ಟಿದ್ದರು. ಹಲಗೆಯ ಮೇಲೆ ಎರಡು ಹೆಸರು: ಡೆವನಿ ಐವತ್ತೆಂಟು, ಕ್ವಿಲ್ ಐವತ್ತೆಂಟು. ಗುಂಪಿನ ನಡುವೆ ಕಾನ್ ನಿಂತಿದ್ದ, ಬಲಗೈಯನ್ನು ಕೋಟಿನ ಜೇಬಿನಲ್ಲಿ ಹುದುಗಿಸಿಕೊಂಡು.

"ಇವತ್ತು ಮುಗಿಸಿಬಿಡಪ್ಪಾ ಕಾನ್, ಆ ಕ್ವಿಲ್‌ನ ಮುಖಕ್ಕೆ ಮಸಿ ಬಳಿ!" ಅಂತ ಯಾರೋ ಕೂಗಿದರು.

"ಕ್ವಿಲ್ ಅಂತೆ ಕ್ವಿಲ್. ಅವನಿಗೆ ಮೀಸೆ ಬಿಟ್ರೆ ಇನ್ನೇನಿದೆ?" ಅಂದ ಕ್ಷೌರಿಕ.

ಎಲ್ಲರೂ ನಕ್ಕರು. ಕಾನ್ ಕೂಡ ನಕ್ಕ. ಆದರೆ ಹಲಗೆಯಿಂದ ಕಣ್ಣು ತೆಗೆಯಲಿಲ್ಲ, ಪಕ್ಕದಲ್ಲಿ ಬಂದು ನಿಂತ ಎಬೆನ್‌ನ ಕಡೆ ನೋಡಲೂ ಇಲ್ಲ. ಎಬೆನ್ ಗಡ್ಡ ಮಾಡಿಸದೆಯೇ ವಾಪಸು ಹೋದ.

ಅಂದು ಮೋಡದ ದಿನ. ಬೆಳಗಿನಿಂದಲೂ ಆಕಾಶ ತೊಳೆಯದ ಪಾತ್ರೆಯ ತಳದಂತೆ ಕಪ್ಪಗಿತ್ತು, ಮಳೆಯೂ ಬರಲಿಲ್ಲ, ಬಿಸಿಲೂ ಬರಲಿಲ್ಲ. ಆಟ ಮೂರೂವರೆಗೆ ಶುರುವಾಯಿತು. ಪ್ರತಿ ಸುತ್ತಿನಲ್ಲೂ ಡೆನ್‌ಬರೊದವರೇ ಮೊದಲು ಬ್ಯಾಟು ಹಿಡಿಯುವುದೆಂದು ತೀರ್ಮಾನವಾಗಿತ್ತು. ಹಾಗಾಗಿ ಒಂಬತ್ತನೇ ಸುತ್ತಿನಲ್ಲಿ ಎದುರಾಳಿಗಳ ಮೂರನೆಯವನು ಔಟಾದರೆ ಆಟ ಮುಗಿದಂತೆ. ಕ್ಲೇಪೂಲ್ ಗ್ಯಾಲರಿಯ ಮೊದಲ ಸಾಲಿನಲ್ಲಿ ಹಳದಿ ಹುಲ್ಲಿನ ಟೋಪಿ ಹಾಕಿಕೊಂಡು ಕೂತಿದ್ದ. ಅಷ್ಟು ದೂರದಿಂದಲೂ ಆ ಟೋಪಿ ಎಬೆನ್‌ಗೆ ಕಾಣುತ್ತಿತ್ತು.

ಐದು ಸುತ್ತಾಯಿತು. ಡೆನ್‌ಬರೊ ಏಳು, ಎದುರಿನವರು ಮೂರು. ಆರನೇ ಸುತ್ತಿಗೆ ಮೈದಾನಕ್ಕಿಳಿಯುವಾಗ ಎಬೆನ್ ಬೇಕೆಂದೇ ನಿಧಾನವಾಗಿ ನಡೆದ, ಅಂಗೈಗೆ ಮಣ್ಣು ತಿಕ್ಕಿಕೊಂಡ, ಭುಜ ತಿರುಗಿಸಿದ. ಕಾನ್ ಚೆಂಡು ತೆಗೆದುಕೊಂಡು ನೇರವಾಗಿ ಪಿಚರ್‌ನ ಜಾಗಕ್ಕೇ ಹೋಗಿ ನಿಂತ. ಬಲಮೂಲೆಯ ಕಡೆ ತಲೆ ತಿರುಗಿಸಲಿಲ್ಲ. ಪ್ರತಿ ಎಸೆತಕ್ಕೂ ಅವನ ಬಾಯಿ ಸೊಟ್ಟಗಾಗುತ್ತಿತ್ತು, ಎಬೆನ್‌ಗಲ್ಲದೆ ಇನ್ಯಾರಿಗೂ ಅದು ಗೊತ್ತಾಗುವಂತಿರಲಿಲ್ಲ.

ಸುತ್ತು ಮುಗಿದು ಬೆಂಚಿಗೆ ಬಂದಾಗ ಎಬೆನ್ ಅವನ ಪಕ್ಕ ಕೂತ.

"ಕಾನ್. ಆರನೇದು ಆಯ್ತು."

"ಗೊತ್ತು."

"ಅವನು ಐದೂಕಾಲಿನ ರೈಲಿಗೆ ಹೋಗ್ತಾನೆ."

"ಇನ್ನೊಂದು ಸುತ್ತು ತಡ್ಕೊಳ್ಳೋ ಮಾರಾಯ."

"ನೀನು ನಿಮ್ಮಮ್ಮನಾಣೆ ಇಟ್ಟಿದ್ದೆ."

ಕಾನ್ ಉಗುಳಿದ. "ನಮ್ಮಮ್ಮ ಸತ್ತು ಒಂಬತ್ತು ವರ್ಷ ಆಯ್ತು. ಅವಳಿಗೇನೂ ಆಗಲ್ಲ ಬಿಡು."

ಐದು ವರ್ಷದ ಎಣ್ಣೆ, ಐದು ವರ್ಷದ ಗುಂಡಿ, ಐದು ವರ್ಷ ಕತ್ತರಿಸಿ ಕೊಟ್ಟ ಮಾಂಸ, ಎಲ್ಲದಕ್ಕೂ ಸಿಕ್ಕ ಉತ್ತರ ಅದು. ಎಬೆನ್ ಎದ್ದು ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತ. ನಾಯಕ ವಿಕರಿ ಎಲ್ಲ ಕೇಳಿಸಿಕೊಂಡಿದ್ದ, ಆದರೂ ಬೂಟಿನ ಲಾಡಿ ಕಟ್ಟಿಕೊಳ್ಳುತ್ತ ಕೂತ.

ಏಳನೇ ಸುತ್ತು ಮುಗಿಯಿತು. ಎಂಟನೆಯದರ ನಡುವೆ ಹಳದಿ ಟೋಪಿ ಎದ್ದುನಿಂತಿತು, ಗಡಿಯಾರ ನೋಡಿಕೊಂಡಿತು, ಮಂಡಿಗಳ ನಡುವೆ ದಾರಿ ಮಾಡಿಕೊಳ್ಳುತ್ತ ಸಾಲಿನ ಕೊನೆಯವರೆಗೆ ಹೋಯಿತು, ಮೆಟ್ಟಿಲಿಳಿದು ಮರೆಯಾಯಿತು. ಎಬೆನ್ ಅದು ಮರೆಯಾದ ಜಾಗವನ್ನೇ ನೋಡುತ್ತ ನಿಂತ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇವನಿಗೆ ಅದು ಕೈಗೂ ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಸಿಟ್ಟಿಗಿಂತ ತಣ್ಣಗಿನದೇನೋ ಎದೆಯೊಳಗೆ ಬಂದು ಕೂತಿತು.

ಒಂಬತ್ತನೇ ಸುತ್ತು. ಡೆನ್‌ಬರೊ ಒಂಬತ್ತು, ಎದುರಿನವರು ಐದು. ಎದುರಿನವರಲ್ಲಿ ಇಬ್ಬರು ಔಟಾಗಿದ್ದರು, ಇನ್ನಿಬ್ಬರು ಓಡಲು ತುದಿಗಾಲಲ್ಲಿ ನಿಂತಿದ್ದರು. ಕಾನ್‌ನ ಚೆಂಡಿನಲ್ಲಿ ಈಗ ಜೀವವೇ ಇರಲಿಲ್ಲ, ಆದರೂ ಬ್ಯಾಟು ಹಿಡಿದವನು ಆತುರಪಟ್ಟ. ಚೆಂಡು ಎತ್ತರಕ್ಕೆ ಎದ್ದು ಸಾವಕಾಶವಾಗಿ ಬಲಮೂಲೆಯ ಕಡೆ ಬಂತು. ಅದಕ್ಕಿಂತ ಸುಲಭದ ಚೆಂಡು ಇರಲು ಸಾಧ್ಯವಿಲ್ಲ. ಎಬೆನ್ ಎರಡು ಹೆಜ್ಜೆ ಹಿಂದಕ್ಕೆ ಸರಿದರೆ ಸಾಕಾಗಿತ್ತು, ಸರಿದ. ಜನ ಆಗಲೇ ಟೋಪಿ ಮೇಲಕ್ಕೆಸೆದಿದ್ದರು. ಕಾನ್ ತಿರುಗಿ ನಿಂತಿದ್ದ. ಆ ದಿನವೆಲ್ಲ ಅವನು ಬಲಮೂಲೆಯ ಕಡೆ ನೋಡಿದ್ದು ಅದೇ ಮೊದಲು.

ಚೆಂಡು ಎಬೆನ್‌ನ ಬರಿಗೈಗೆ ಬಂದು ಬಿತ್ತು. ಬಿದ್ದದ್ದು ನಿಜ, ಅದರ ಬಿಸಿ ಅಂಗೈಗೆ ತಾಕಿದ್ದೂ ನಿಜ. ಎಬೆನ್ ಬೆರಳು ಬಿಡಿಸಿದ.

ಓಡುತ್ತಿದ್ದ ಇಬ್ಬರೂ ಕೊನೆಯ ಗುರಿ ಮುಟ್ಟಿದರು, ಎರಡು ಅಂಕ. ಒಂಬತ್ತು–ಏಳು. ಗ್ಯಾಲರಿಯಿಂದ ಬೈಗುಳದ ಮಳೆ. "ಬೆಣ್ಣೆ ಸವರ್ಕೊಂಡು ಬಂದಿದ್ಯೇನೋ ಕೈಗೆ!" ಎಬೆನ್ ಚೆಂಡು ಹೆಕ್ಕಿ ಎಸೆದ. ಕಾನ್ ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಗೆ ಬದಲಾಯಿಸಿಕೊಂಡ.

ಮುಂದಿನವನು ಹೊಡೆದ, ಒಂಬತ್ತು–ಎಂಟು. ಅದರ ಮುಂದಿನವನೂ ಹೊಡೆದ, ಮತ್ತೆ ಇಬ್ಬರು ತುದಿಗಾಲಲ್ಲಿ. ಆಮೇಲಿನ ಎಸೆತದಲ್ಲಿ ಚೆಂಡು ಬ್ಯಾಟಿನವನ ಹಿಂದೆ ಕೂತು ಹಿಡಿಯುವ ಕ್ಯಾಚರ್‌ವರೆಗೂ ಹೋಗಲಿಲ್ಲ. ಅರ್ಧ ದಾರಿಯಲ್ಲೇ ಬಿದ್ದು ಉರುಳಿತು. ಹಸಿ ಕೊಂಬೆ ಸೀಳಿದ ಹಾಗೊಂದು ಸದ್ದು ಬಂತು ಅಂತ ಕ್ಯಾಚರ್ ಗಸ್ ಆಮೇಲೆ ಹೇಳುತ್ತಿದ್ದ. ಕಾನ್ ಮಂಡಿಯೂರಿ ಕೂತುಬಿಟ್ಟ.

ವಿಕರಿ ಎದುರು ತಂಡದ ನಾಯಕನ ಹತ್ತಿರ ಓಡಿದ. "ಇವನ ಕೈ ಹೋಯ್ತಪ್ಪಾ. ಹೊರಗಿಂದ ಒಬ್ಬನ್ನ ತರ್ತೀನಿ, ಒಪ್ಕೋ."

"ಕಾಲು ಹೋಗಿದೆಯಾ?"

"ಇಲ್ಲ."

"ನಿಂತ್ಕೊಳ್ಳೋಕೆ ಆಗುತ್ತಲ್ಲ? ಹಾಗಾದ್ರೆ ಆಡ್ಲಿ."

ಆಗ ಕಾನ್ ಎದ್ದ. ಚೆಂಡನ್ನು ಎಡಗೈಯಲ್ಲಿ ಹಿಡಿದು ಬಲಮೂಲೆಯ ಕಡೆ ನಡೆಯತೊಡಗಿದ. ಐದು ವರ್ಷ ಎಬೆನ್ ಕನಸಿನಲ್ಲಿ ಕಂಡ ನಡಿಗೆ ಅದು. ಕನಸಿನಲ್ಲಿ ಆ ಬಲಗೈ ಹೀಗೆ ಗೂಟಕ್ಕೆ ನೇತುಹಾಕಿದ ಖಾಲಿ ತೋಳಂಗಿಯ ಹಾಗೆ ಜೋತಾಡುತ್ತಿರಲಿಲ್ಲ. ಹತ್ತಿರ ಬಂದ ಮೇಲೆ ಕಾನ್ ಚೆಂಡು ಚಾಚಿದ.

"ತಗೋ. ನಿಂಗೆ ಇದೇ ತಾನೆ ಬೇಕಿದ್ದದ್ದು?"

"ಕಾನ್..."

"ನೀನು ಬೇಕೂಂತಾನೇ ಬಿಟ್ಟೆ."

ಎಬೆನ್ ಸುಳ್ಳು ಹೇಳಬಹುದಿತ್ತು. "ಹೌದು," ಅಂದ.

ಕಾನ್ ತಲೆಯಾಡಿಸಿದ, ಬಹಳ ದಿನದಿಂದ ತಿಳಿದಿದ್ದ ಸಂಗತಿಯೊಂದನ್ನು ಯಾರೋ ಈಗ ತಡವಾಗಿ ಬಂದು ಹೇಳಿದ ಹಾಗೆ. "ಹೋಗು, ಹಾಕು. ನಿನ್ನ ಫಿಲಡೆಲ್ಫಿಯಾದವನು ಇದ್ದಾನಾ ನೋಡ್ಕೋ."

ಎಬೆನ್ ಹೋಗಿ ಪಿಚರ್‌ನ ಜಾಗದಲ್ಲಿ ನಿಂತ. ಎದುರು ಗ್ಯಾಲರಿಯ ಮೊದಲ ಸಾಲಿನಲ್ಲಿ ಒಂದು ಖಾಲಿ ಕುರ್ಚಿ. ಅವನು ಎಸೆದದ್ದು ಎರಡೇ ಚೆಂಡು. ಮೊದಲನೆಯದು ಬ್ಯಾಟಿಗೆ ಸಿಗಲಿಲ್ಲ. ಎರಡನೆಯದನ್ನು ಬ್ಯಾಟು ಹಿಡಿದವನು ಎತ್ತಿ ಹೊಡೆದ, ಅದು ಮೇಲೇರಿ, ಸಾವಕಾಶವಾಗಿ, ಬಲಮೂಲೆಯ ಕಡೆಗೇ ಹೋಯಿತು. ದೇವರಿಗೆ ಕೆಲವು ಸಲ ಬೇರೆ ಕೆಲಸವಿರುವುದಿಲ್ಲ. ಎಬೆನ್ ತಿರುಗಿ ನೋಡಿದ. ಕಾನ್ ಎರಡು ಹೆಜ್ಜೆ ಹಿಂದಕ್ಕೆ ಸರಿದ. ನೋವಿಗೆ ಮುಖ ಸುಣ್ಣದಂತೆ ಬಿಳಿಚಿತ್ತು. ಎಡಗೈ ಒಂದನ್ನೇ ಎತ್ತಿದ, ಚೆಂಡನ್ನು ಹಿಡಿದ, ಎದೆಗೆ ಒತ್ತಿಕೊಂಡ.

ಆಟ ಮುಗಿಯಿತು. ಡೆನ್‌ಬರೊ ಗೆದ್ದಿತು. ಹತ್ತು ನಿಮಿಷದ ಹಿಂದೆ ಬೈದ ಜನರೇ ನುಗ್ಗಿಬಂದು ಎಬೆನ್‌ನನ್ನು ಹೆಗಲ ಮೇಲೆ ಹೊತ್ತರು. ಹೊತ್ತವರ ತಲೆಗಳ ಮೇಲಿಂದ ಅವನಿಗೆ ಕಂಡದ್ದು ಇಷ್ಟು: ಊರಿನ ಪತ್ರಿಕೆಯವನು ಕಾಗದ, ಪೆನ್ಸಿಲ್ ಹಿಡಿದು ಕಾನ್ ಮುಂದೆ ನಿಂತಿದ್ದ.

"ಕಾನ್, ಆ ಮೊದಲನೇ ಚೆಂಡು ಹ್ಯಾಲಕ್ ಹೇಗೆ ಬಿಟ್ಟ? ಮಗುವೂ ಹಿಡೀತಿತ್ತಲ್ಲ?"

ಎಬೆನ್ ಹೆಗಲುಗಳ ಮೇಲೆ ಕೂತಲ್ಲೇ ಕಲ್ಲಾದ. ಈಗ ಹೇಳುತ್ತಾನೆ, ಹೇಳಲಿ, ಅಂದುಕೊಂಡ. ಹೇಳಿಬಿಟ್ಟರೆ ಒಳ್ಳೆಯದು ಅಂತಲೂ ಅನ್ನಿಸಿತು.

ಕಾನ್ ತಲೆಯೆತ್ತಿ ಅವನನ್ನು ನೋಡಿದ. "ಬಿಸಿಲು ಕಣ್ರೀ," ಅಂದ, ಎಲ್ಲರಿಗೂ ಕೇಳುವ ಹಾಗೆ. "ಬಲಮೂಲೇಲಿ ಬಿಸಿಲು ಹೆಂಗೆ ಹೊಡೆಯುತ್ತೆ ಗೊತ್ತಲ್ಲ. ಅವನ ಕಣ್ಣಿಗೆ ಹೊಡೀತು ಪಾಪ."

ಪತ್ರಿಕೆಯವನು ಮೋಡ ಕವಿದ ಆಕಾಶ ನೋಡಿದ, ಕಾನ್‌ನ ಮುಖ ನೋಡಿದ, ಬರೆದುಕೊಂಡ. ಸೋಮವಾರ ಹಾಗೆಯೇ ಅಚ್ಚಾಯಿತು. ಆಟ ನೋಡಿದ ಸಾವಿರ ಜನರಲ್ಲಿ ಒಬ್ಬನೂ ಅವತ್ತು ಬಿಸಿಲಿರಲಿಲ್ಲ ಅಂತ ಹೇಳಲಿಲ್ಲ. ಗೆದ್ದ ಮೇಲೆ ಹವಾಮಾನ ಯಾರಿಗೆ ಬೇಕು? ಹಲಗೆಯಲ್ಲಿ ಡೆವನಿ ಐವತ್ತೆಂಟು, ಕ್ವಿಲ್ ಐವತ್ತೆಂಟು ಅನ್ನುವುದು ಚಳಿಗಾಲವೆಲ್ಲ ಹಾಗೆಯೇ ಇತ್ತು.

ಮುಂದಿನ ಬೇಸಿಗೆಗೆ ಎಬೆನ್ ತಂಡದ ಮೊದಲ ಪಿಚರ್ ಆದ. ಕ್ಲೇಪೂಲ್ ಮತ್ತೆ ಆ ಊರಿಗೆ ಬರಲಿಲ್ಲ. ಬಲಮೂಲೆಗೆ ಸ್ಟೋವರ್ ಅನ್ನುವ ಹೊಸಬ ಬಂದ, ಒಳ್ಳೆಯವನು, ಸಭ್ಯ, ಅಭ್ಯಾಸದಲ್ಲಿ ಚೆನ್ನಾಗಿ ಎಸೆಯುತ್ತಿದ್ದ. ಜೂನ್‌ನಲ್ಲಿ ಎಬೆನ್‌ನ ಭುಜ ನೋಯಲು ಶುರುವಾಯಿತು, ಆಗಸ್ಟ್‌ನಲ್ಲಿ ಮೊಣಕೈ ಮಡಚಿದ್ದು ಬಿಡಿಸಿಕೊಳ್ಳದಾಯಿತು. ಚೆಂಡು ತೆಗೆದುಕೊಂಡು ನಡೆದುಹೋಗಿ ಕೊಟ್ಟುಬಿಡೋಣ ಅಂತ ಎಷ್ಟೋ ಸಲ ಅನ್ನಿಸಿತು. ಆದರೆ ಬಲಮೂಲೆಯ ಕಡೆ ತಿರುಗಿದರೆ ಸಾಕು, ಅಲ್ಲಿ ಕಾಯುತ್ತ ನಿಂತವನ ಕೈ ಕಾಣುತ್ತಿತ್ತು. ಅಲ್ಲಿ ನಿಂತವನು ಏನೇನು ಯೋಚಿಸಬಲ್ಲ ಅಂತ ಡೆನ್‌ಬರೊದಲ್ಲಿ ಇವನಷ್ಟು ತಿಳಿದವನು ಇನ್ನೊಬ್ಬನಿರಲಿಲ್ಲ. ಹಾಗಾಗಿ ಅವನು ಆ ಕಡೆ ನೋಡುವುದನ್ನೇ ಬಿಟ್ಟ. ಶುರು ಮಾಡಿದ ಅರವತ್ತೊಂದು ಆಟವನ್ನೂ ಕೊನೆಯ ಚೆಂಡಿನವರೆಗೆ ತಾನೇ ಮುಗಿಸಿದ. ಲೀಗಿನಲ್ಲೇ ಮೊದಲನೆಯವನಾದ. ಎಂಥ ಛಲಗಾರ ಅಂತ ಪತ್ರಿಕೆ ಹೊಗಳಿತು. ರಾತ್ರಿ ಎಣ್ಣೆ ತಿಕ್ಕಲು ಅವನಿಗೆ ಯಾರೂ ಇರಲಿಲ್ಲ.

ಕಾನ್‌ಗೆ ಮೈದಾನದ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ಕೊಟ್ಟಿದ್ದರು. ಟಿಕೆಟನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಿಂದ ಹರಿಯುತ್ತಿದ್ದ. ಪ್ರತಿ ಆಟದ ದಿನವೂ ಎಬೆನ್ ಅದೇ ಬಾಗಿಲಿನಿಂದ ಒಳಗೆ ಬರಬೇಕಿತ್ತು. ಪ್ರತಿ ದಿನವೂ ಕಾನ್ ಹಲ್ಲಿನಿಂದ ಟಿಕೆಟ್ ತೆಗೆದು, ನಗುತ್ತ, ಸ್ನೇಹದಿಂದಲೇ, ಒಂದೇ ಮಾತು ಹೇಳುತ್ತಿದ್ದ. ವರ್ಷದ ಕೊನೆಯ ದಿನ ಮಳೆ ಹನಿಯುತ್ತಿತ್ತು, ಜನ ಛತ್ರಿ ಹಿಡಿದು ಬರುತ್ತಿದ್ದರು. ಎಬೆನ್ ಬಲಗೈಯನ್ನು ಕೋಟಿನ ಜೇಬಿನಲ್ಲಿ ಹುದುಗಿಸಿಕೊಂಡು, ತಲೆ ತಗ್ಗಿಸಿ ಬಾಗಿಲು ದಾಟುತ್ತಿದ್ದ.

"ಹುಷಾರು ಕಣೋ ಎಬೆನ್," ಅಂದ ಕಾನ್. "ಇವತ್ತು ಬಿಸಿಲು ಜೋರಾಗಿದೆ."